ನೆರಳಿನ ಹದ

ನರ್ಸರಿಯಿಂದ ಗಿಡ ತಂದವರಿಗೆಲ್ಲ ಇದರ ಅನುಭವ ಇರುತ್ತದೆ. ಹಸಿರು ಬಲೆಯ ಕೆಳಗೆ ನಳನಳಿಸುತ್ತಿದ್ದ ಗಿಡವನ್ನು ತಾರಸಿಯ ಬಿಸಿಲಿಗಿಟ್ಟರೆ ಎರಡು ಮೂರು ದಿನಗಳಲ್ಲಿ ಎಲೆಯಂಚು ಸುಟ್ಟಂತಾಗುತ್ತದೆ. ನೀರು ಸಾಲಲಿಲ್ಲವೇನೋ ಎಂದು ಇನ್ನೊಂದು ಚೊಂಬು ಸುರಿಯುತ್ತೇವೆ, ಗಿಡ ಚೇತರಿಸಿಕೊಳ್ಳುವುದಿಲ್ಲ. ಕಾರಣ ಇಷ್ಟೇ: ನೆರಳಿನಲ್ಲಿ ಬೆಳೆಯುವ ಗಿಡ ಸಿಕ್ಕಷ್ಟು ಬೆಳಕನ್ನು ಹಿಡಿಯಲು ಅಗಲವಾದ, ತೆಳ್ಳನೆಯ ಎಲೆಗಳನ್ನು ಬಿಡುತ್ತದೆ. ತನ್ನ ಶಕ್ತಿಯನ್ನು ಎಲೆಗೂ ಕಾಂಡಕ್ಕೂ ಹಾಕಿ, ಬೇರಿನ ವಿಷಯದಲ್ಲಿ ಜಿಪುಣತನ ತೋರಿಸುತ್ತದೆ. ಬಿಸಿಲಿಗೆ ಬಂದಾಗ ಅಷ್ಟಗಲದ ಎಲೆಗಳು ಕೇಳುವ ನೀರನ್ನು ಆ ಪುಟ್ಟ ಬೇರು ಎಲ್ಲಿಂದ ತಂದೀತು? ಕಾಫಿ ಸಸಿ ಬೆಳೆಸುವವರು ಇದನ್ನು ಚೆನ್ನಾಗಿ ಬಲ್ಲರು. ಮುಂಗಾರಿನಲ್ಲಿ ಸಸಿಗಳನ್ನು ತೋಟಕ್ಕೆ ಸಾಗಿಸುವ ಮೊದಲು ಚಪ್ಪರದ ಮರೆಯನ್ನು ಸ್ವಲ್ಪಸ್ವಲ್ಪವೇ ತೆಗೆಯುತ್ತಾ ಬಂದು, ಅವುಗಳಿಗೆ ಬಿಸಿಲನ್ನು ರೂಢಿ ಮಾಡಿಸುತ್ತಾರೆ.

ಅರೇಬಿಕಾ ಕಾಫಿ ಮೂಲತಃ ಇಥಿಯೋಪಿಯಾದ ಎತ್ತರದ ಕಾಡುಗಳಲ್ಲಿ ದೊಡ್ಡ ಮರಗಳ ಅಡಿಯಲ್ಲಿ ಬೆಳೆದ ಗಿಡ. ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಅದಕ್ಕೆ ಇಂದಿಗೂ ಎರಡು ಅಂತಸ್ತಿನ ನೆರಳಿದೆ: ಕೆಳಗೆ ಹಾಲುವಾಣ, ಮೇಲೆ ಅತ್ತಿ, ಹಲಸು, ನೇರಳೆ, ಸಿಲ್ವರ್ ಓಕ್. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡನ್ನು ಪೂರ್ತಿ ಬೋಳಿಸಿ, ಬಟಾಬಯಲಲ್ಲಿ ಕಾಫಿ ಬೆಳೆಯಲು ಹೊರಟವರಿಗೆ ಕಾಂಡಕೊರಕ ಹುಳು ಪಾಠ ಕಲಿಸಿತು. ಬಿಸಿಲು ಬಿದ್ದು ಬೆಚ್ಚಗಾದ ಅರೇಬಿಕಾ ಕಾಂಡವೆಂದರೆ ಮೊಟ್ಟೆ ಇಡಲು ಆ ಹುಳುವಿಗೆ ಬಲು ಇಷ್ಟ. ಮಂಜರಾಬಾದ್ ಸೀಮೆಯ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಕಾಫಿ ಕೃಷಿಯ ಬಗ್ಗೆ ಬರೆದ ಪುಸ್ತಕದಲ್ಲಿ ನೆರಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಬಯಲಿನ ಗಿಡಕ್ಕೆ ಇನ್ನೊಂದು ಅಪಾಯವೂ ಇದೆ. ಅದು ಒಂದು ವರ್ಷ ಮೈತುಂಬ ಫಸಲು ಕೊಟ್ಟು, ಆ ಭಾರಕ್ಕೆ ಬಳಲಿ, ರೆಂಬೆಗಳ ತುದಿ ಒಣಗಿಸಿಕೊಂಡು ನಿಲ್ಲುತ್ತದೆ.

ಹಾಗಾದರೆ ನೆರಳು ಹೆಚ್ಚಿದಷ್ಟೂ ಒಳ್ಳೆಯದೇ? ಅದೂ ಅಲ್ಲ. ದಟ್ಟ ನೆರಳಿನಲ್ಲಿ ಗಿಡ ಸೊರಗಿ ಉದ್ದವಾಗುತ್ತದೆ, ಹೂ ಕಡಿಮೆಯಾಗುತ್ತದೆ, ಮಳೆಗಾಲದ ತೇವ ಆರದೆ ಕೊಳೆ ರೋಗ ಬರುತ್ತದೆ. ಬರಗಾಲದಲ್ಲಂತೂ ಈ ಲೆಕ್ಕ ಇನ್ನೂ ಸೂಕ್ಷ್ಮ. ಮಾರ್ಚ್ ತಿಂಗಳ ಒಣಗಾಳಿಗೆ ಸಿಕ್ಕ ಎಲೆ ನೀರು ಉಳಿಸಲು ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಅಡುಗೆಯೂ ನಿಲ್ಲುತ್ತದೆ. ಮೇಲೆ ಮರವಿದ್ದರೆ ಕಾವು ತಗ್ಗುತ್ತದೆ, ಉದುರಿದ ತರಗೆಲೆ ನೆಲದ ಪಸೆಯನ್ನು ಹಿಡಿದಿಡುತ್ತದೆ. ಆದರೆ ಅದೇ ಮರ ತಾನೂ ನೀರು ಕುಡಿಯುತ್ತದೆ. ಗಿಡ ಹೂಬಿಡಲೆಂದು ಕಾಫಿಯವರು ಕಾದು ಕುಳಿತ ಹೂಮಳೆ ಹಗುರವಾಗಿ ಬಂದರೆ ಮರ ಅದರಲ್ಲಿ ಒಂದು ಪಾಲನ್ನು ತನ್ನ ಎಲೆಗಳಲ್ಲೇ ತಡೆದುಬಿಡುತ್ತದೆ. ಆದ್ದರಿಂದಲೇ ತೋಟಗಳಲ್ಲಿ ವರ್ಷವರ್ಷವೂ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತದೆ. ಮೋಡ ಕವಿಯುವ ಮಳೆಗಾಲಕ್ಕೆ ಮುಂಚೆ ಹಾಲುವಾಣದ ಕೊಂಬೆ ಕಡಿದು ಬೆಳಕಿಗೆ ದಾರಿ ಮಾಡುತ್ತಾರೆ. ಬೇಸಿಗೆ ಬರುವ ಹೊತ್ತಿಗೆ ಅದು ಮತ್ತೆ ಚಿಗುರಿ ಕೊಡೆ ಹಿಡಿದಿರುತ್ತದೆ. ಅರೇಬಿಕಾಕ್ಕೆ ಹೆಚ್ಚು ನೆರಳು, ರೊಬಸ್ಟಾಕ್ಕೆ ಕಡಿಮೆ. ಹೋದ ವರ್ಷದ ಅಳತೆ ಈ ವರ್ಷಕ್ಕೆ ಸರಿಹೋಗಲೇಬೇಕೆಂದೇನಿಲ್ಲ.

ಮರಗಸಿಯಲ್ಲಿ ಕತ್ತಿ ಹಿಡಿದವರು ಮರದ ಮೇಲಿರುತ್ತಾರೆ, ಆದರೆ ನೆರಳು ಹೆಚ್ಚೋ ಕಡಿಮೆಯೋ ಎಂಬುದು ತಿಳಿಯುವುದು ಕೆಳಗೆ ಕಾಫಿ ಗಿಡದ ಪಕ್ಕ ನಿಂತು ತಲೆಯೆತ್ತಿ ನೋಡಿದಾಗ. ಮನೆಗಳಲ್ಲಿ ನಾವು ಕೊಡುವ ಆಶ್ರಯವೂ ಒಂದು ಬಗೆಯ ನೆರಳೇ; ಅದನ್ನು ಸಾಮಾನ್ಯವಾಗಿ ಮೇಲಿನಿಂದಲೇ ಅಳೆಯುತ್ತೇವೆ. ಮಗ ಹೈಸ್ಕೂಲಿನಲ್ಲಿದ್ದಾಗ ಅವನ ಅರ್ಜಿಗಳನ್ನೆಲ್ಲ ತುಂಬಿಕೊಟ್ಟ ಅಪ್ಪ, ಅವನಿಗೆ ಕೆಲಸ ಸಿಕ್ಕಮೇಲೂ ತುಂಬುತ್ತಲೇ ಇರುತ್ತಾರೆ. ಅರವತ್ತರಲ್ಲಿ ಗಟ್ಟಿಮುಟ್ಟಾಗಿದ್ದ ಅತ್ತೆಯ ಬಗ್ಗೆ ಎಪ್ಪತ್ತೈದಾದ ಮೇಲೂ "ಅವರಿಗೇನು, ಎಲ್ಲ ತಾವೇ ಮಾಡ್ಕೋತಾರೆ" ಎನ್ನುವುದು ನಡೆದೇ ಇರುತ್ತದೆ. ಈ ಎರಡು ಕಡೆಯೂ ವಾತ್ಸಲ್ಯಕ್ಕೆ ಬರವಿಲ್ಲ; ಎಂದೋ ಹಾಕಿದ ಲೆಕ್ಕವನ್ನು ಯಾರೂ ಮತ್ತೆ ತೆಗೆದು ನೋಡಿಲ್ಲ, ಅಷ್ಟೇ. ವರ್ಷಕ್ಕೊಮ್ಮೆ ನೋಡುವುದು ಕಷ್ಟವೇನಲ್ಲ. ಈ ತಿಂಗಳ ಕರೆಂಟ್ ಬಿಲ್ಲನ್ನು ಮಗನೇ ಕಟ್ಟಲಿ ಎಂದು ಬಿಟ್ಟು, ನಡುವೆ ಬಾಯಿ ಹಾಕದೆ ಇರಬಹುದು. ಎಲ್ಲವನ್ನೂ ಒಂದೇ ದಿನ ಅವನ ತಲೆಗೆ ಕಟ್ಟಬೇಕಿಲ್ಲ. ಈ ತಿಂಗಳು ಒಂದು ಕೆಲಸ, ಬರುವ ತಿಂಗಳು ಇನ್ನೊಂದು. ಡಾಕ್ಟರ ಬಳಿಗೆ ಹೊರಟು ನಿಂತವರನ್ನು "ನಾನೂ ಬರಲಾ ಅತ್ತೆ?" ಎಂದು ಕೇಳಬಹುದು. ಅವರು "ಬೇಡ" ಎಂದರೆ ಅದನ್ನು ನಂಬೋಣ. ಮುಂದಿನ ಸಲ ಮತ್ತೆ ಕೇಳಿದರಾಯಿತು.