ಖಾಲಿ ಬಾಟಲಿಯ ಋಣ

ರಾಮದುರ್ಗದಂಥ ಊರಿನ ಅಡುಗೆಮನೆಯಲ್ಲಿ ಬಾಟಲಿಯೊಂದು ಖಾಲಿಯಾದರೆ ಅದರ ಆಯುಷ್ಯ ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ. ಹಾರ್ಲಿಕ್ಸ್ ತೀರಿದ ಗಾಜಿನ ಬಾಟಲಿಯಲ್ಲಿ ಶೇಂಗಾ ಹಿಂಡಿ ಕೂತಿರುತ್ತದೆ. ಉಪ್ಪಿನಕಾಯಿ ಬಾಟಲಿಗೆ ಸಾಸಿವೆ ಬರುತ್ತದೆ. ಎಣ್ಣೆಯ ಡಬ್ಬಿ ಹಿಟ್ಟಿನ ಡಬ್ಬಿಯಾಗುತ್ತದೆ. ಹಳೆಯ ಸೀರೆಗಳು ಪದರು ಪದರಾಗಿ ಕೂಡಿ ಕೌದಿಯಾಗುತ್ತವೆ. ಇದಕ್ಕೆಲ್ಲ ‘ಮರುಬಳಕೆ’ ಎಂಬ ಹೆಸರು ಬೇಕಾಗಿರಲಿಲ್ಲ. ಅದು ಸಂಸಾರ ಮಾಡುವ ರೀತಿಯಾಗಿತ್ತು.

ಈಚೆಗೆ ಈ ಸಾಲಿಗೆ ಸುಗಂಧದ ಮೇಣದಬತ್ತಿಯ ಗಾಜಿನ ಜಾರ್ ಬಂದು ಸೇರಿದೆ. ಬೆಂಗಳೂರು, ಪುಣೆಗಳಲ್ಲಿ ನೌಕರಿ ಮಾಡುವ ಮಕ್ಕಳು ದೀಪಾವಳಿಗೆ ತರುತ್ತಾರೆ, ಇಲ್ಲವೇ ಪಾರ್ಸೆಲ್ಲಿನಲ್ಲಿ ಬರುತ್ತದೆ. ಮೇಣ ಉರಿದು ಮುಗಿದರೂ ದಪ್ಪ ಗಾಜಿನ ಚೆಂದದ ಪಾತ್ರೆ ಉಳಿಯುತ್ತದೆ. ಅದನ್ನೇನು ಮಾಡಬೇಕು ಎಂಬುದು ಸಣ್ಣ ಪ್ರಶ್ನೆ. ಅದರ ಹಿಂದೆ ದೊಡ್ಡದೊಂದಿದೆ: ನಾವು ಕೊಂಡ ವಸ್ತುವಿನೊಂದಿಗೆ ನಮ್ಮ ಋಣ ಎಲ್ಲಿಗೆ ತೀರುತ್ತದೆ?

ಸಣ್ಣ ಪ್ರಶ್ನೆಗೆ ಉತ್ತರ ಸುಲಭ. ಜಾರಿಗೆ ಬಿಸಿನೀರು ಹಾಕಿದರೆ ಉಳಿದ ಮೇಣ ಕರಗಿ ಮೇಲೆ ತೇಲುತ್ತದೆ, ಆರಿದಾಗ ಬಿಲ್ಲೆಯಾಗಿ ಕೈಗೆ ಬರುತ್ತದೆ. ನೀರು ಕುದಿಯುತ್ತಿರಬಾರದು, ಗಾಜು ಸೀಳೀತು. ಕರಗಿದ ಮೇಣವನ್ನು ಬಚ್ಚಲಿಗೆ ಸುರಿದರೆ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ತಳದ ತಗಡನ್ನು ಕಿತ್ತು ತೊಳೆದರೆ ಸೂಜಿ, ದಾರ, ಗುಂಡಿಗಳಿಗೆ ಒಳ್ಳೆಯ ಮನೆಯಾಯಿತು. ತಿನ್ನುವ ಪದಾರ್ಥಕ್ಕೆಂದು ಮಾಡಿದ ಗಾಜಲ್ಲವಾದ್ದರಿಂದ ಉಪ್ಪಿನಕಾಯಿ ಹಾಕದಿರುವುದು ಲೇಸು.

ಒಂದು ಜಾರಿನ ಮಟ್ಟಿಗೆ ಇದು ಸರಿ. ಹತ್ತನೆಯ ಜಾರ್ ಬಂದಾಗ? ಸೂಜಿದಾರಕ್ಕೆ ಎಷ್ಟು ಮನೆ ಬೇಕು? ಇಲ್ಲಿಂದ ಉಳಿತಾಯ ತಿರುವುಮುರುವಾಗುತ್ತದೆ. ಕೌದಿ ಹೊಲಿಯಲೆಂದು ಯಾರೂ ಹೊಸ ಸೀರೆ ಕೊಳ್ಳಲಿಲ್ಲ. ಸೀರೆ ಉಟ್ಟು ಹರಿದ ಮೇಲೆ ಕೌದಿಯ ಮಾತು. ಈಗ ‘ಆಮೇಲೆ ಜಾರ್ ಉಪಯೋಗಕ್ಕೆ ಬರುತ್ತದಲ್ಲ’ ಎಂಬ ಸಮಾಧಾನವೇ ಕೊಳ್ಳಲು ಕಾರಣವಾಗುತ್ತದೆ. ಜೈನರು ಅಪರಿಗ್ರಹವನ್ನು ವ್ರತವೆಂದರು. ಅಟ್ಟದ ಮೇಲೆ ಖಾಲಿ ಬಾಟಲಿ ಪೇರಿಸುವುದೂ ಪರಿಗ್ರಹವೇ. ಅದು ಎಸೆಯುವುದನ್ನು ಬಿಟ್ಟಂತಲ್ಲ, ನಾಳೆಗೆ ತಳ್ಳಿದಂತೆ.

ಪಣತಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅದೂ ಬೆಳಕನ್ನು ಹಿಡಿದ ಪಾತ್ರೆಯೇ. ಎಣ್ಣೆ ತೀರಿದರೆ ಎಣ್ಣೆ, ಬತ್ತಿ ಸುಟ್ಟರೆ ಬತ್ತಿ. ಪಾತ್ರೆ ಮಾತ್ರ ಅದೇ. ಹಾಗೆಂದು ಅದು ಒಡೆದ ಕೂಡಲೇ ಮಣ್ಣಾಗುತ್ತದೆ ಎನ್ನುವುದು ತಪ್ಪು. ಸುಟ್ಟ ಮಣ್ಣು ಸಾವಿರಾರು ವರ್ಷ ಉಳಿಯುತ್ತದೆ, ಪುರಾತತ್ತ್ವದವರು ಮಡಕೆಯ ಚೂರಿನಿಂದಲೇ ಕಾಲ ಗುರುತಿಸುತ್ತಾರೆ. ವ್ಯತ್ಯಾಸವಿರುವುದು ಬಾಳಿಕೆಯಲ್ಲಲ್ಲ. ಪಣತಿಯನ್ನು ಮತ್ತೆ ತುಂಬಲೆಂದೇ ಮಾಡಿದ್ದು; ಜಾರನ್ನು ಒಂದು ಸಲ ಮಾರಲೆಂದು ಮಾಡಿದ್ದು. ನಾವು ಅದಕ್ಕೆ ಹುಡುಕುವ ಎರಡನೆಯ ಕೆಲಸ ನಮ್ಮ ಜಾಣತನ, ಮಾಡಿದವರ ಹೊಣೆಯಲ್ಲ.

ಹೊಣೆ ಹೇಗಿರುತ್ತದೆ ಎನ್ನುವುದು ನಮಗೆ ಗೊತ್ತಿಲ್ಲದ್ದಲ್ಲ. ಗೋಲಿಸೋಡಾ ಕುಡಿದು ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದೆವು. ಅದು ಕ್ರೇಟಿನಲ್ಲಿ ಕೂತು ಹಿಂದಿರುಗಿ, ಮತ್ತೆ ತುಂಬಿ ಬರುತ್ತಿತ್ತು. ಬೀರ್ ಬಾಟಲಿಗಳನ್ನು ಇಂದಿಗೂ ಗುಜರಿಯವರು ಕೊಳ್ಳುತ್ತಾರೆ, ಯಾಕೆಂದರೆ ಅವುಗಳಿಗೆ ವಾಪಸು ಹೋಗುವ ದಾರಿಯಿದೆ. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು ಎನ್ನುತ್ತಾರೆ, ನಿಜ. ಆದರೆ ಭಾರದ, ಅಗ್ಗದ, ಬಗೆಬಗೆ ಆಕಾರದ ಗಾಜನ್ನು ತಾಲ್ಲೂಕು ಊರಿನಿಂದ ಕುಲುಮೆಯ ತನಕ ಹೊತ್ತೊಯ್ಯುವವರು ಯಾರು?

ದಾರಿ ಇಲ್ಲದ ವಸ್ತು ತಾನೇ ದಾರಿ ಮಾಡಿಕೊಳ್ಳುತ್ತದೆ. ಚರಂಡಿಗೆ ಬಿದ್ದ ಪೊಟ್ಟಣ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ. 2019ರ ಆಗಸ್ಟಿನಲ್ಲಿ ಆ ಹೊಳೆ ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ಊರು ಮರೆತಿಲ್ಲ. ನೆರೆ ಇಳಿದ ಯಾವ ದಂಡೆಗೆ ಹೋದರೂ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಜಾಲಿಮುಳ್ಳಿಗೆ ಸಿಕ್ಕ ಪ್ಲಾಸ್ಟಿಕ್ಕೇ ಹೇಳುತ್ತದೆ. ಅಲ್ಲಿ ಸಿಗದೆ ಉಳಿದದ್ದು ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೊಳೆಗೆ ಬೀಳದೆ ಕಸದ ಗಾಡಿಗೆ ಹೋದ ಗಾಜಿನ ಚೂರು ಪೌರಕಾರ್ಮಿಕರ ಬೆರಳಿಗೆ ಸಿಗುತ್ತದೆ. ನಮ್ಮ ಹೊಸ್ತಿಲಲ್ಲಿ ಮುಗಿಯಿತೆಂದುಕೊಂಡ ಋಣವನ್ನು ಬೇರೆ ಯಾರೋ ತೀರಿಸುತ್ತಾರೆ.

ಕಾನೂನು ಇಲ್ಲವೆಂದಲ್ಲ. ಮಾಡಿದ ಕಂಪನಿಯೇ ಪೊಟ್ಟಣದ ಹೊಣೆ ಹೊರಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹೇಳುತ್ತವೆ. 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳು ದೇಶದಾದ್ಯಂತ ನಿಷೇಧವಾದವು. ಆದರೆ ಶಾಂಪೂ ಸ್ಯಾಷೆ, ಚಿಪ್ಸ್ ಪೊಟ್ಟಣ ಆ ಪಟ್ಟಿಯಲ್ಲಿರಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಸೇರುವ ಲಕ್ಷಾಂತರ ಜನರ ಸ್ನಾನ, ತಿಂಡಿ, ಪೂಜೆ ಎಲ್ಲಕ್ಕೂ ಇಂಥ ಸಣ್ಣ ಪೊಟ್ಟಣಗಳೇ ಆಧಾರ.

ಹಾಗಾದರೆ ತಪ್ಪು ಆ ಭಕ್ತರದೇ? ದಿನಗೂಲಿಯ ಹೆಣ್ಣುಮಗಳು ಸ್ಯಾಷೆ ಹರಿಯುವುದು ಇಡೀ ಬಾಟಲಿಗೆ ಒಮ್ಮೆಲೇ ಕೊಡುವಷ್ಟು ದುಡ್ಡು ಕೈಯಲ್ಲಿಲ್ಲದ್ದಕ್ಕೆ. ಅವಳಿಗೆ ಬೇರೆ ಆಯ್ಕೆ ಕಡಿಮೆ. ಸುಗಂಧದ ಮೇಣದಬತ್ತಿ ಕೊಳ್ಳುವವರಿಗೆ ಆಯ್ಕೆಯಿದೆ. ಜಾರ್ ತೊಳೆದಿಟ್ಟು ಪರಿಸರ ಉಳಿಸಿದೆವೆಂದು ಹಗುರಾಗುವವರು, ಸ್ಯಾಷೆ ಎಸೆದವಳನ್ನು ಅಜ್ಞಾನಿ ಎನ್ನುವುದು ನ್ಯಾಯವಲ್ಲ. ಆಯ್ಕೆ ಇದ್ದವರ ಮೇಲೆ ಋಣ ಹೆಚ್ಚು.

ಆ ಋಣದ ಮೊದಲ ಕಂತು ಕೊಳ್ಳುವ ಮೊದಲೇ ಸಲ್ಲಬೇಕು: ಇದು ಖಾಲಿಯಾದಾಗ ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳುವುದು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಕಸದ ಗಾಡಿಯವರ ಕೈಗೇ ಹೇಳಿ ಕೊಡುವುದು ಎರಡನೆಯದು. ಜಾರನ್ನು ವಾಪಸು ಪಡೆಯಿರೆಂದು ಮಾರುವವರನ್ನು ಬಿಡದೆ ಕೇಳುವುದು ಮೂರನೆಯದು. ಒಬ್ಬರು ಕೇಳಿದರೆ ಅಂಗಡಿಯವರು ನಕ್ಕಾರು. ಇಪ್ಪತ್ತು ಮಂದಿ ಕೇಳಿದರೆ ಕಂಪನಿಯ ಏಜೆಂಟರಿಗೆ ಅವರೇ ಹೇಳುತ್ತಾರೆ. ಸೂಜಿದಾರದ ಜಾರ್ ಮನೆಯಲ್ಲಿ ಒಂದಿರಲಿ, ಚೆಂದವೇ. ಎರಡನೆಯದಕ್ಕೆ ಕೈಚಾಚುವ ಮುಂಚೆ ಮಾತ್ರ ಪಣತಿಯ ಎಣ್ಣೆ ತೀರಿದೆಯೇ ನೋಡಿಕೊಳ್ಳೋಣ.