ಹಂಗು ಮತ್ತು ಗೋಪೀಚಂದನ

“ಎಂತ ಮಾರಾಯ್ರೆ, ನನ್ನ ಕಾಫಿ ಎಲ್ಲಿಗೆ ಮುಟ್ಟಿತು?”

2024ರ ಜನವರಿಯಲ್ಲಿ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ದಿನಾ ಫೋನ್ ಮಾಡುತ್ತಿದ್ದರು. ಮಂಗಳೂರಿನ ಹಡಗು ಏಜೆನ್ಸಿಯೊಂದರಲ್ಲಿ ಕಾಗದಪತ್ರ ನೋಡುವವನು ನಾನು. ಇಟಲಿಗೆ ಹೋಗುವ ಕಾಫಿ ಕೆಂಪು ಸಮುದ್ರ ಹೊಕ್ಕು ಸೂಯೆಜ್ ಕಾಲುವೆ ದಾಟಬೇಕು. ಯೆಮನ್ನಿನ ಹೂತಿ ಬಂಡುಕೋರರ ದಾಳಿಗೆ ಹೆದರಿದ ಹಡಗುಗಳು ಇಡೀ ಆಫ್ರಿಕಾ ಬಳಸಿ ಹೊರಟಿದ್ದವು. ಹತ್ತು ಹದಿನೈದು ದಿನದ ಸುತ್ತು.

“ಇನ್ನೂ ಗುಡ್ ಹೋಪ್ ಭೂಶಿರ ಮುಟ್ಟಿಲ್ಲ” ಎಂದೆ.

“ಸಾಕಪ್ಪ, ಇನ್ನು ಯಾರ ಹಂಗೂ ಬೇಡ” ಎಂದು ಫೋನ್ ಇಟ್ಟರು.

ಆ ಹಂಗು ಎಂಬ ಮಾತು ನನ್ನನ್ನು ಬಿಡಲಿಲ್ಲ. ಅವರ ತೋಟದ ಗಿಡವೇ ಹಂಗಿನದಲ್ಲವೇ? ಬಾಬಾಬುಡನ್ ಏಳು ಬೀಜ ತಂದರೆಂದು ನಾವು ಹೇಳಿಕೊಳ್ಳುವ ಯೆಮನ್ನಿನಿಂದಲೇ ಈಗ ಕ್ಷಿಪಣಿಗಳು ಹಾರುತ್ತಿದ್ದವು. ಗಿಡದ ಬುಡಕ್ಕೆ ಹಾಕುವ ಪೊಟ್ಯಾಷ್ ಕೂಡ ಹಡಗಿನಲ್ಲೇ ಬರಬೇಕು.

ಸ್ವತಂತ್ರನು ಹರಿಯೊಬ್ಬನೇ, ಮಿಕ್ಕದ್ದೆಲ್ಲ ಪರತಂತ್ರ ಎಂಬುದು ಮಧ್ವಾಚಾರ್ಯರ ಸಿದ್ಧಾಂತ. ಹುಡುಗನಾಗಿದ್ದಾಗ ಇದು ನನಗೆ ಬೈಗುಳದಂತೆ ಕೇಳುತ್ತಿತ್ತು. ಆಚಾರ್ಯರು ಹೇಳಿದ್ದು ಜೀವ ಹರಿಯ ಅಧೀನ ಎಂದು, ಸೂಯೆಜ್ ಕಾಲುವೆಯ ಅಧೀನ ಎಂದಲ್ಲ, ಬಲ್ಲೆ. ಆದರೆ ‘ನನಗೆ ಯಾರೂ ಬೇಡ’ ಎನ್ನುವ ಭ್ರಮೆ ಮಠದಲ್ಲೂ ಬಂದರಿನಲ್ಲೂ ಒಂದೇ.

ಹಂಗು ತಪ್ಪದು ಎಂದಾದ ಮೇಲೆ ಮುಳುಗದಿರುವುದು ಹೇಗೆ? ಉಡುಪಿಯವರೆಲ್ಲ ಬಲ್ಲ ಕಥೆಯೊಂದಿದೆ. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಆಚಾರ್ಯರು ಬಟ್ಟೆ ಬೀಸಿ ದಡಕ್ಕೆ ತಂದರು. ಬೇಕಾದ್ದು ಕೇಳಿ ಎಂದ ನಾವಿಕನಿಂದ ಅವರು ಪಡೆದದ್ದು ಗೋಪೀಚಂದನವೆಂಬ ಮಣ್ಣಿನ ಗಡ್ಡೆ. ಅದು ಮಾರುವ ಸರಕಲ್ಲ, ಹಡಗು ಮಗುಚದಿರಲೆಂದು ತಳದಲ್ಲಿ ಹಾಕಿದ್ದ ಭಾರ. ಕಡೆಗೋಲು ಹಿಡಿದ ಕೃಷ್ಣ ಅದರೊಳಗಿದ್ದ.

ಎಷ್ಟೋ ಸಲ ಕೇಳಿದ ಕಥೆ. ಆ ಜನವರಿಯಲ್ಲಿ ಮಾತ್ರ ನನಗೆ ಅದರಲ್ಲಿ ಕೃಷ್ಣನಿಗಿಂತ ಮೊದಲು ಮಣ್ಣು ಕಂಡಿತು. ಎರಡು ವರ್ಷ ಮುಂಚೆ ನಮ್ಮ ಕಚೇರಿ ಒಂದು ಗೋದಾಮು ಬಿಟ್ಟುಕೊಟ್ಟಿತ್ತು. ‘ಖಾಲಿ ಬಿದ್ದಿದೆ, ಬಾಡಿಗೆ ದಂಡ’ ಎಂದು ಟಿಪ್ಪಣಿ ಬರೆದವನು ನಾನೇ. ಈಗ ಹಡಗು ಸಿಗದ ಮೂಟೆಗಳನ್ನು ಇಡಲು ಜಾಗಕ್ಕಾಗಿ ಊರೆಲ್ಲ ಅಲೆದೆ. ಶಾಂತ ಕಡಲಲ್ಲಿ ಕುಳಿತು ಲೆಕ್ಕ ಬರೆಯುವವನಿಗೆ ತಳದ ಮಣ್ಣು ಬರೀ ಮಣ್ಣು.

ಮೊನ್ನೆ ಉಡುಪಿಗೆ ಹೋದವನು ಕೃಷ್ಣಮಠದ ಕನಕನ ಕಿಂಡಿಗೆ ಕಣ್ಣಿಟ್ಟೆ. ಹಂಗು ಬಿಡಿಸು ಎಂದು ಬೇಡಲಿಲ್ಲ. ಮುಂದಿನ ಟಿಪ್ಪಣಿ ಬರೆಯುವಾಗ ಕೈ ಸ್ವಲ್ಪ ತಡೆ ಎಂದೆ.