ಅರ್ಧರಾತ್ರಿಯ ಕೊಡೆ

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ.’ ಈ ಗಾದೆ ಕೇಳಿ ನಗದವರಿಲ್ಲ. ಬಿಸಿಲಿಲ್ಲ, ಮಳೆಯಿಲ್ಲ, ಕೊಡೆ ಯಾಕೆ? ಕೊಡೆ ಹಿಂದೆ ಮರ್ಯಾದೆಯ ಗುರುತಾಗಿತ್ತು. ಅರಸನಿಗೆ ಬೆಳ್ಗೊಡೆ, ಉತ್ಸವದ ದೇವರಿಗೆ ಸತ್ತಿಗೆ. ಅದನ್ನು ಹಿಡಿದವನು ‘ನಾನೂ ಒಬ್ಬ’ ಎಂದು ಸಾರುತ್ತಿದ್ದಾನೆ. ಆದರೆ ಐಶ್ವರ್ಯ ಬಂದ ಮೇಲೂ ಗಾದೆ ಅವನನ್ನು ಅಲ್ಪನೆಂದೇ ಕರೆಯುತ್ತದೆ. ಹಣ ಬಂತು, ಒಳಗಿನ ಅಳತೆ ಬದಲಾಗಲಿಲ್ಲ.

ತಮಿಳುನಾಡಿನ ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ, ಉದ್ದನಪಲ್ಲಿಯ ಕಡೆ, ಆ ಕೊಡೆ ಈಗ ಫ್ಲೆಕ್ಸ್ ಆಗಿದೆ. ಹೊಸೂರಿನ ಕಾರ್ಖಾನೆಗಳು ಬೆಳೆದಂತೆ ಸುತ್ತಲ ಜಮೀನಿನ ಬೆಲೆ ಏರಿತು. ರಾಗಿ, ಟೊಮೆಟೊ ಬೆಳೆಯುತ್ತಿದ್ದವರಲ್ಲಿ ಒಮ್ಮೆಗೇ ಕಾಸು ಕಂಡವರುಂಟು. ಕಿವಿ ಚುಚ್ಚುವ ಶಾಸ್ತ್ರಕ್ಕೂ ರಸ್ತೆಬದಿಯಲ್ಲಿ ಆಳೆತ್ತರದ ಬ್ಯಾನರು: ಕಪ್ಪು ಕನ್ನಡಕದ ಸೋದರಮಾವ, ಕೈಮುಗಿದ ಅಪ್ಪ, ಮೂಲೆಯಲ್ಲಿ ಸ್ಟಾಂಪಿನಷ್ಟು ಮಗು. ತನ್ನ ಫೋಟೊ ಕೆಳಸಾಲಿಗೆ ಬಿತ್ತೆಂದು ಊಟ ಮಾಡದೆ ಎದ್ದುಹೋಗುವ ಚಿಕ್ಕಪ್ಪನೂ ಇರುತ್ತಾನೆ. ‘ಎಷ್ಟು ಜಂಬ!’ ಎಂದು ಊರು ಆಡಿಕೊಳ್ಳುತ್ತದೆ.

ವಿಯೆನ್ನಾದಲ್ಲಿ ಹುಟ್ಟಿ ಶಿಕಾಗೊದಲ್ಲಿ ನೆಲೆಸಿದ ಮನೋವಿಶ್ಲೇಷಕ ಹೈಂಝ್ ಕೋಹುಟ್ ಇಂಥ ಜಂಬದಡಿ ಗಟ್ಟಿಯಾಗದೆ ಉಳಿದ ‘ನಾನು’ ಒಂದನ್ನು ಕಂಡರು. ಮಗು ಏನಾದರೂ ಮಾಡಿ ತೋರಿಸಿದಾಗ ತಾಯಿತಂದೆಯ ಕಣ್ಣು ಅರಳಬೇಕು ಎಂಬುದು 1971ರ ಅವರ ಪುಸ್ತಕದ ತಿರುಳು. ಆ ಮೆಚ್ಚುಗೆ ಉಂಡ ಮಗು, ನಡುನಡುವೆ ತಾಳಬಲ್ಲಷ್ಟು ನಿರಾಸೆಯನ್ನೂ ನುಂಗಿ, ತನ್ನನ್ನು ತಾನೇ ಒಪ್ಪಿಕೊಳ್ಳಲು ಕಲಿಯುತ್ತದೆ. ಆ ಮೆಚ್ಚುಗೆ ಸಿಗದವರು ದೊಡ್ಡವರಾದ ಮೇಲೂ ಅರಳುವ ಕಣ್ಣನ್ನೇ ಹುಡುಕುತ್ತಿರುತ್ತಾರೆ. ಸಣ್ಣ ಕಡೆಗಣನೆಗೂ ಬುಡಸಮೇತ ಅಲ್ಲಾಡುತ್ತಾರೆ. ಆಗ ಉಕ್ಕುವ ಸಿಟ್ಟಿನ ಬಗ್ಗೆಯೇ ಕೋಹುಟ್ 1972ರಲ್ಲಿ ಒಂದು ಲೇಖನ ಬರೆದರು.

ಗಾದೆಯ ‘ಅರ್ಧರಾತ್ರಿ’ಯನ್ನು ಈಗ ಮತ್ತೆ ಓದಬೇಕು. ನೋಡುವವರೆಲ್ಲ ಮಲಗಿದ್ದಾರೆ, ಆದರೂ ಅವನು ಕೊಡೆ ಮಡಚಲಾರ. ತಾನು ಸಣ್ಣವನಲ್ಲ ಎಂದು ಅವನು ನಂಬಿಸಬೇಕಾಗಿರುವುದು ತನ್ನನ್ನೇ. ಊರಿನ ನಗು ಅವನನ್ನು ತಿದ್ದುವುದಿಲ್ಲ. ನಕ್ಕಷ್ಟೂ ಕೊಡೆ ಮೇಲೇರುತ್ತದೆ.

ಚಿಕ್ಕಪ್ಪನನ್ನು ಬದಲಿಸುವುದು ಕಷ್ಟ. ಬ್ಯಾನರಿನ ಮೂಲೆಯ ಮಗುವಿಗೆ ಇನ್ನೂ ಕಾಲವಿದೆ. ಫ್ಲೆಕ್ಸ್ ಹಾಕಿಸುವವರು ಹಾಕಿಸಲಿ. ಆದರೆ ಶಾಲೆಯಲ್ಲಿ ಕಲಿತ ತಮಿಳು ಪದ್ಯವನ್ನು ಮಗು ನಿಮ್ಮ ಕನ್ನಡದ ಮನೆಯಲ್ಲಿ ಒಪ್ಪಿಸಲು ನಿಂತಾಗ ಮೊಬೈಲು ಕೆಳಗಿಟ್ಟು ಪೂರ್ತಿ ಕೇಳಿ.